ಮುಳ್ಳು ತಿರುಗಿಸಿ, ಕಾಸು ಹಾಕಿ

ಓದುಗರ ಪ್ರಶ್ನೆ, ಹಳೇ ಕಂಪೋಸಿಟರನ ಉತ್ತರ

ಹೋದ ತಿಂಗಳು, ಪ್ರೆಸ್ಸಿನಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವ ಕಾಲದ ನೆನಪು ಬರೆಯುವಾಗ ರಿಚರ್ಡ್ ಕಾರ್ಲೈಲ್ ಎಂಬ ಇಂಗ್ಲೆಂಡಿನ ಪ್ರಕಾಶಕನ ಹೆಸರು ಸುಮ್ನೆ ಒಂದು ಸಾಲಿನಲ್ಲಿ ಬಂದಿತ್ತು. ಅವನ ಪತ್ರಿಕೆ, ಪುಸ್ತಕ ಮಾರಿದ್ದಕ್ಕೆ 150ಕ್ಕೂ ಹೆಚ್ಚು ಜನ ಜೈಲಿಗೆ ಹೋದರು ಅಂತ ಬರೆದಿದ್ದೆ. ಅಷ್ಟಕ್ಕೇ ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವನ ಬಗ್ಗೆಯೇ. ಹಾಗಾಗಿ ಅಡಿಕೆ ಕೊಳೆರೋಗದ ಬಗ್ಗೆ ಕೇಳಿದವರು ಈ ತಿಂಗಳು ಕ್ಷಮಿಸಬೇಕು. ಅದನ್ನು ಒಬ್ಬ ಮೊಳೆ ಜೋಡಿಸೋನ ಹತ್ತಿರ ಯಾಕೆ ಕೇಳುತ್ತೀರೋ, ಅದೂ ನನಗೆ ಅರ್ಥವಾಗಿಲ್ಲ.

ಪ್ರಶ್ನೆ: ಸರ್, ಕಾರ್ಲೈಲ್ ಅಂದರೆ ಫ್ರೆಂಚ್ ಕ್ರಾಂತಿಯ ಇತಿಹಾಸ ಬರೆದವರಲ್ವಾ? ಅವರು ಅಂಗಡಿ ಇಟ್ಟಿದ್ದು ಯಾವಾಗ? (ಕಾಲೇಜು ವಿದ್ಯಾರ್ಥಿನಿ, ತೀರ್ಥಹಳ್ಳಿ)

ಉತ್ತರ: ಅವರು ಥಾಮಸ್ ಕಾರ್ಲೈಲ್, ಮಗೂ. ಸ್ಕಾಟ್ಲೆಂಡಿನ ದೊಡ್ಡ ಲೇಖಕರು. ಇವನು ರಿಚರ್ಡ್. ಇಂಗ್ಲಿಷಿನಲ್ಲಿ ಇಬ್ಬರ ಸ್ಪೆಲಿಂಗ್ ಬೇರೆ. ಕನ್ನಡಕ್ಕೆ ಬಂದರೆ ಇಬ್ಬರಿಗೂ ಅದೇ ಮೊಳೆ.

ರಿಚರ್ಡ್ ಹುಟ್ಟಿದ್ದು 1790ರ ಡಿಸೆಂಬರಿನಲ್ಲಿ, ಡೆವನ್ ಸೀಮೆಯ ಆಶ್‌ಬರ್ಟನ್ ಎಂಬ ಊರಿನಲ್ಲಿ. ಅಪ್ಪ ಜೋಡು ಹೊಲಿಯುವವನು, ಮಗ ಚಿಕ್ಕವನಿದ್ದಾಗಲೇ ತೀರಿಹೋದ. ಅಮ್ಮ ಸಣ್ಣದೊಂದು ಅಂಗಡಿ ಇಟ್ಟುಕೊಂಡು ಮೂರು ಮಕ್ಕಳನ್ನು ಸಾಕಿದಳು. ಹನ್ನೆರಡನೇ ವಯಸ್ಸಿಗೆ ಶಾಲೆ ಮುಗಿಯಿತು. ತಗಡಿನ ಕೆಲಸಕ್ಕೆ ಹಾಕಿದರು. ನಮ್ಮಲ್ಲಿ ಮಳೆ ಹಿಡಿಯುವ ಮುಂಚೆ ಮಾಡಿನ ಅಂಚಿಗೆ ತಗಡಿನ ದಂಬೆ ಕಟ್ಟಿಕೊಡುತ್ತಾರಲ್ಲ, ಕತ್ತರಿ, ಬೆಸುಗೆ ಸಾಮಾನು ಹರಡಿಕೊಂಡು ಜಗಲಿಯಲ್ಲಿ ಕೂತಿರುತ್ತಾರಲ್ಲ, ಆ ಜಾತಿಯ ಕೆಲಸ. 1813ರಲ್ಲಿ ಜೇನ್ ಎಂಬುವಳ ಜೊತೆ ಮದುವೆ. ಆಮೇಲೆ ಲಂಡನ್. ನೆಪೋಲಿಯನ್ ಯುದ್ಧ ಮುಗಿದ ಮೇಲೆ ಕೆಲಸ ಬಿದ್ದುಹೋಯಿತು. ಧಣಿ ಇವನ ಕೆಲಸದ ಹೊತ್ತು ಕಡಿಮೆ ಮಾಡಿದ. ಮನೆಯಲ್ಲಿ ಮಕ್ಕಳು.

1817ರ ಮಾರ್ಚಿನಲ್ಲಿ ಅದೇ ಧಣಿ ಹತ್ತಿರ ಒಂದು ಪೌಂಡ್ ಸಾಲ ತೆಗೆದು, ಸರ್ಕಾರವನ್ನು ಗೇಲಿ ಮಾಡುತ್ತಿದ್ದ 'ಬ್ಲ್ಯಾಕ್ ಡ್ವಾರ್ಫ್' ಎಂಬ ವಾರಪತ್ರಿಕೆಯ ನೂರು ಪ್ರತಿ ಕೊಂಡ. ಹೊತ್ತುಕೊಂಡು ಮಾರಲು ಹೊರಟ. ದಿನಕ್ಕೆ ಮೂವತ್ತು ಮೈಲಿ ನಡೆದು ಹದಿನೆಂಟು ಪೆನ್ನಿ ಲಾಭ ಕಂಡ ದಿನಗಳಿವೆ. ಮೂವತ್ತು ಮೈಲಿ ಅಂದರೆ ಶಿವಮೊಗ್ಗದಿಂದ ಭದ್ರಾವತಿಗೆ ಕಾಲ್ನಡಿಗೆಯಲ್ಲಿ ಹೋಗಿ, ವಾಪಸ್ ಬಂದು, ಸಾಲದ್ದಕ್ಕೆ ಗಾಂಧಿ ಬಜಾರು, ದುರ್ಗಿಗುಡಿ ಎಲ್ಲ ಒಂದು ಸುತ್ತು ಹಾಕಿದ ಹಾಗೆ. ಇವನು ಬರೆಯೋಕೆ ಶುರು ಮಾಡಿದ್ದು ಆಮೇಲೆ. ಮೊದಲು ಹೊತ್ತು ಮಾರಿದವನು. ಈ ಒಂದು ಮಾತು ನೆನಪಿಟ್ಟುಕೊಂಡು ಮುಂದೆ ಓದು.

ಪ್ರಶ್ನೆ: ಪುಸ್ತಕ ಅಚ್ಚು ಹಾಕಿದ್ದಕ್ಕೆ ಆರು ವರ್ಷ ಜೈಲಾ? ಅಂಥದ್ದೇನು ಬರೆದಿದ್ದ? (ನಿವೃತ್ತ ಕಾರ್ಮಿಕ, ಭದ್ರಾವತಿ)

ಉತ್ತರ: ಕೇಸಿಗೆ ಕಾರಣವಾದ ಪುಸ್ತಕ ಇವನು ಬರೆದದ್ದಲ್ಲ. ಅದು ಥಾಮಸ್ ಪೇನ್ ಬರೆದ, ಬೈಬಲ್ಲನ್ನು ಪ್ರಶ್ನೆ ಮಾಡುವ 'ಏಜ್ ಆಫ್ ರೀಸನ್'. ಹಳೇ ಪುಸ್ತಕ. ಯಾರೂ ಮುಟ್ಟಲು ಹೆದರುತ್ತಿದ್ದರು. ಇವನು ಫ್ಲೀಟ್ ಸ್ಟ್ರೀಟಿನ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಿದ.

ಆದರೆ ಸರ್ಕಾರದ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದಾನದ ಹಕ್ಕು ಕೇಳಲು ಸುಮಾರು 60,000 ಜನ ಸೇರಿದ್ದರು. ಹೆಂಗಸರು, ಮಕ್ಕಳು ಎಲ್ಲ ಇದ್ದರು. ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಹದಿನೈದು ಜನಕ್ಕೂ ಹೆಚ್ಚು ಸತ್ತರು, ನೂರಾರು ಜನರಿಗೆ ಗಾಯ. ಕಾರ್ಲೈಲ್ ಆವತ್ತು ಆ ವೇದಿಕೆಯ ಮೇಲೇ ಇದ್ದ. ಹೇಗೋ ತಪ್ಪಿಸಿಕೊಂಡು, ಟಪಾಲು ಗಾಡಿ ಹಿಡಿದು ಲಂಡನ್ ಸೇರಿದ. ಕಣ್ಣಾರೆ ಕಂಡದ್ದನ್ನು ಹಾಗೇ ಅಚ್ಚು ಹಾಕಿದ. ತಾನು ಪ್ರಕಟಿಸುತ್ತಿದ್ದ ಪತ್ರಿಕೆಯ ಹೆಸರನ್ನೂ ಬದಲಿಸಿ 'ದಿ ರಿಪಬ್ಲಿಕನ್' ಅಂತ ಇಟ್ಟ. ರಾಜ ಕೂತಿರುವ ದೇಶದಲ್ಲಿ ಆ ಹೆಸರು ಅಂದರೆ ಧಣಿ ಮನೆ ಅಂಗಳದಲ್ಲೇ ನಿಂತು ಧಣಿ ಬೇಡ ಅಂದ ಹಾಗೆ.

ಅಕ್ಟೋಬರಿನಲ್ಲಿ ವಿಚಾರಣೆ. ಆರೋಪ ದೈವನಿಂದೆಯದು. ಇಲ್ಲಿ ಅವನ ಕಿಲಾಡಿತನ ನೋಡಿ. ನನ್ನ ವಾದಕ್ಕೆ ಬೇಕು ಅಂತ ಇಡೀ ಪುಸ್ತಕವನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದ. ಗಂಟೆಗಟ್ಟಲೆ. ಯಾಕೆ ಅಂತೀರಾ? ಕೋರ್ಟಿನಲ್ಲಿ ಓದಿದ್ದು ವಿಚಾರಣೆಯ ವರದಿಯೊಳಗೆ ಸೇರುತ್ತದೆ. ವರದಿ ಅಂತ ಅಚ್ಚು ಹಾಕಿದರೆ ನಿಷೇಧದ ಪುಸ್ತಕವೂ ಅದರ ಹೊಟ್ಟೆಯಲ್ಲಿ ಬರುತ್ತದೆ. ಜೇನ್ ಅದನ್ನು ಎರಡೆರಡು ಪೆನ್ನಿಯ ಕಂತುಗಳಲ್ಲಿ ಮಾರಿದಳು. ಸಾವಿರಾರು ಪ್ರತಿ ಹೋದವು. ಅವನನ್ನು ಸುಮ್ಮನೆ ಬಿಟ್ಟಿದ್ದರೆ ಪೇನನ ಪುಸ್ತಕವನ್ನು ಅಷ್ಟು ಜನ ಓದುತ್ತಿರಲಿಲ್ಲ ಅನ್ನೋದು ನನ್ನ ಲೆಕ್ಕ.

ಶಿಕ್ಷೆ ಮೂರು ವರ್ಷ, ಜೊತೆಗೆ 1,500 ಪೌಂಡ್ ದಂಡ. ದಂಡದ ಹೆಸರಿನಲ್ಲಿ ಅಂಗಡಿಯ ಸರಕನ್ನೆಲ್ಲ ಹೊತ್ತುಕೊಂಡು ಹೋದರು. ಸರಕೂ ಹೋಯಿತು, ದಂಡವೂ ಹಾಗೇ ಉಳಿಯಿತು. ಕಟ್ಟಲಾಗದೆ ಮೂರು ಆರಾಯಿತು. ಡಾರ್ಚೆಸ್ಟರ್ ಜೈಲಿನಿಂದ ಹೊರಗೆ ಬಂದದ್ದು 1825ರ ನವೆಂಬರಿನಲ್ಲಿ. ಅಷ್ಟು ವರ್ಷ ಒಳಗೆ ಕೂತೇ ಪತ್ರಿಕೆಗೆ ಬರೆದ.

ಪ್ರಶ್ನೆ: ಅಂಗಡಿಯಲ್ಲಿ ಮನುಷ್ಯರೇ ಇಲ್ಲದೆ ಪುಸ್ತಕ ಮಾರುವ ಮೆಷಿನ್ ಮಾಡಿದ್ದನಂತೆ. ಇನ್ನೂರು ವರ್ಷದ ಹಿಂದೆ ಹೇಗೆ ಸಾಧ್ಯ? (ಅಂಗಡಿ ವ್ಯಾಪಾರಿ, ಸಾಗರ)

ಉತ್ತರ: ನೀವು ಅಂಗಡಿಯವರು, ನಿಮಗೆ ಇದು ಥಟ್ಟನೆ ಹಿಡಿಸುತ್ತದೆ. ಮಾರಿದವನ ಮೇಲೆ ಕೇಸು ಹಾಕಬೇಕಾದರೆ ಏನು ಬೇಕು? ಇವನೇ ಕೊಟ್ಟ ಅಂತ ಒಬ್ಬ ಸಾಕ್ಷಿ ಹೇಳಬೇಕು. ಗಿರಾಕಿಯ ವೇಷದಲ್ಲಿ ಗೂಢಚಾರ ಬಂದು, ಪುಸ್ತಕ ಕೊಂಡು, ಕೊಟ್ಟವನ ಮುಖ ನೋಡಿಕೊಂಡು ಹೋಗುತ್ತಿದ್ದ. ಆಮೇಲೆ ಪೊಲೀಸರು. ಹಾಗಾದರೆ ಮುಖವೇ ಕಾಣದ ಹಾಗೆ ಮಾಡಿದರೆ?

ಗಡಿಯಾರದ ಮುಖದಂಥ ಒಂದು ಫಲಕ. ಸುತ್ತ ಅಂಕಿಯ ಬದಲು ಪುಸ್ತಕ, ಪತ್ರಿಕೆಗಳ ಹೆಸರು. ನಡುವೆ ಒಂದು ಮುಳ್ಳು. ಬೇಕಾದ ಹೆಸರಿಗೆ ಮುಳ್ಳು ತಿರುಗಿಸಬೇಕು, ಕಾಸು ಹಾಕಬೇಕು, ಪುಸ್ತಕ ಎದುರಿಗೆ ಬೀಳುತ್ತದೆ. ಮುಗೀತು. ಇಂಥದ್ದು ತಗಡಿನ ಕೆಲಸ ಮಾಡಿದವನ ತಲೆಗೆ ಹೊಳೆದದ್ದು ನನಗಂತೂ ಆಶ್ಚರ್ಯವಲ್ಲ. ನಮ್ಮ ರೈಲ್ವೆ ಸ್ಟೇಷನ್ನುಗಳಲ್ಲಿ ಹಿಂದೆ ತೂಕದ ಮೆಷಿನ್ ಇರುತ್ತಿತ್ತಲ್ಲ, ನಾಣ್ಯ ಹಾಕಿದರೆ ರಟ್ಟಿನ ಚೀಟಿ ಬೀಳುತ್ತಿತ್ತು, ಅದನ್ನು ನೆನೆಸಿಕೊಳ್ಳಿ.

ಅದರಿಂದ ಕೇಸು ನಿಂತಿತಾ? ಇಲ್ಲ. ಮೆಷಿನ್ ಬಂದ ಮೇಲೂ ಅಂಗಡಿಯವರನ್ನು ಹಿಡಿದರು. 1824ರಲ್ಲೂ ಒಂದು ಗುಂಪನ್ನೇ ಹಿಡಿದು ಒಳಗೆ ಹಾಕಿದರು. ಆದರೆ ಒಬ್ಬ ಒಳಗೆ ಹೋದರೆ ಇನ್ನೊಬ್ಬ ಬಂದು ಗಲ್ಲಾದ ಹಿಂದೆ ನಿಲ್ಲುತ್ತಿದ್ದ. ಕಾರ್ಲೈಲ್ ಜೈಲಿನಿಂದ ಕರೆ ಕೊಟ್ಟಾಗ ದೂರದೂರದ ಊರುಗಳಿಂದ ಜನ ಬಂದರು. ಗೊತ್ತಿದ್ದೇ ಬಂದರು. ಇವತ್ತು ಅಂಗಡಿ, ನಾಳೆ ಜೈಲು ಅಂತ.

1822ರಲ್ಲಿ ಹಾಗೆ ಸಿಕ್ಕಿಬಿದ್ದ ಒಬ್ಬ ತನ್ನ ಹೆಸರನ್ನೇ ಹೇಳಲಿಲ್ಲ. ಏನು ಮಾಡಿದರೂ ಹೇಳಲಿಲ್ಲ. ಕೊನೆಗೆ 'ಹೆಸರು ಗೊತ್ತಿಲ್ಲದ ಮನುಷ್ಯ' ಅಂತಲೇ ಬರೆದು ವಿಚಾರಣೆ ನಡೆಸಿದರು. ಅವನು ಲೀಡ್ಸ್ ಊರಿನ ಹಂಫ್ರಿ ಬಾಯ್ಲ್. ಅದೇ ಲೀಡ್ಸಿನಿಂದ ಬಂದ ಇನ್ನೊಬ್ಬ ಜೇಮ್ಸ್ ವಾಟ್ಸನ್. 1823ರಲ್ಲಿ ಹನ್ನೆರಡು ತಿಂಗಳು ಜೈಲು. ಹೊರಗೆ ಬಂದವನು ಊರಿಗೆ ಓಡಿಹೋದನಾ? ಇಲ್ಲ, ಕಾರ್ಲೈಲನ ಪ್ರೆಸ್ಸಿನಲ್ಲೇ ಮೊಳೆ ಜೋಡಿಸಲು ಕಲಿತ. ಮುಂದೆ ತಾನೇ ಪ್ರಕಾಶಕನಾದ. ನನ್ನ ಕಸುಬಿನವನು ಅಂತ ಅವನ ಮೇಲೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ.

ನ್ಯೂಗೇಟ್ ಜೈಲಿಗೆ ಹೋದ ಹುಡುಗರು ಸುಮ್ಮನೆ ಕೂರಲಿಲ್ಲ. 1824ರಿಂದ ಅಲ್ಲಿಂದಲೇ ಒಂದು ಮಾಸಪತ್ರಿಕೆ ಹೊರಡಿಸಿದರು.

ಪ್ರಶ್ನೆ: ಅಣ್ಣಾ, ಗಂಡ ಜೈಲಿಗೆ ಹೋದ, ಹೆಸರು ಮಾಡಿದ. ಹೆಂಡತಿ ಮಕ್ಕಳ ಗತಿ ಏನಾಯಿತು? ಅದನ್ನು ಯಾರೂ ಬರೆಯುವುದಿಲ್ಲ. (ಗೃಹಿಣಿ, ಹೊಸನಗರ)

ಉತ್ತರ: ತಂಗೀ, ಬಂದ ಕಾಗದಗಳಲ್ಲಿ ಇದೇ ಒಳ್ಳೇ ಪ್ರಶ್ನೆ.

ಗಂಡ ಒಳಗೆ ಹೋದ ಮೇಲೆ ಅಂಗಡಿ ನಡೆಸಿದ್ದು ಜೇನ್. 1821ರಲ್ಲಿ ಅವಳಿಗೂ ಎರಡು ವರ್ಷ ಶಿಕ್ಷೆ ಆಯಿತು, ಅದೇ ಡಾರ್ಚೆಸ್ಟರ್ ಜೈಲು. ಆಗ ನಾದಿನಿ ಮೇರಿ ಆನ್ ಅಂಗಡಿಗೆ ಕೂತಳು. ಅವಳನ್ನೂ ಹಾಕಿದರು. ಒಂದೇ ಮನೆಯ ಮೂವರು. ಜೇನ್ ಜೈಲಿನಲ್ಲೇ ಹೆತ್ತಳು. ಹೆಣ್ಣು ಮಗು, ಹೈಪೇಷಿಯಾ ಅಂತ ಹೆಸರಿಟ್ಟರು.

ಅದೇ ಅಂಗಡಿಯಲ್ಲಿ ಮಾರಿ ಸಿಕ್ಕಿಬಿದ್ದ ಇನ್ನೊಬ್ಬಳು ಸುಸಾನಾ ರೈಟ್. ನಾಟಿಂಗ್‌ಹ್ಯಾಮಿನವಳು, ಲೇಸಿನ ಕೆಲಸದವಳು. 1822ರಲ್ಲಿ ಕೈಗೂಸನ್ನು ಎತ್ತಿಕೊಂಡು ಕೋರ್ಟಿಗೆ ಬಂದಳು. ವಕೀಲರಿಲ್ಲ, ತಾನೇ ವಾದ ಮಾಡಿದಳು. ನಡುವೆ ಮಗು ಅತ್ತಿತು. ಹಾಲು ಕೊಟ್ಟು ಬರುತ್ತೇನೆ ಅಂತ ಅಪ್ಪಣೆ ಕೇಳಿ ಹೊರಗೆ ಹೋದಳು. ಹೊರಗೆ ನಿಂತಿದ್ದ ಜನ ಜೈಕಾರ ಹಾಕಿದರು. ವಾಪಸ್ ಬಂದು ವಾದ ಮುಂದುವರಿಸಿದಳು. ಅವಳಿಗೆ ಹದಿನೆಂಟು ತಿಂಗಳು ಜೈಲು.

ಈಗ ನಿಮಗೆ ಸಿಟ್ಟು ಬರುವ ಸಂಗತಿ. ಮುಂದೆ, ಇನ್ನೊಂದು ಸಲ ಜೈಲಿನಲ್ಲಿದ್ದಾಗ, ಎಲಿಜಾ ಶಾರ್ಪಲ್ಸ್ ಎಂಬ ತರುಣಿಯ ಜೊತೆ ಕಾರ್ಲೈಲನಿಗೆ ಸ್ನೇಹವಾಯಿತು. 1832ರ ಹೊತ್ತಿಗೆ ಜೇನ್ ಬೇರೆಯಾದಳು. ಎಲಿಜಾಳೂ ಸಾಮಾನ್ಯಳಲ್ಲ. ಹೆಂಗಸು ಸಭೆಯಲ್ಲಿ ಮಾತಾಡುವುದೇ ಅಪರೂಪದ ಕಾಲದಲ್ಲಿ ಭಾಷಣ ಮಾಡಿದಳು, 'ಐಸಿಸ್' ಎಂಬ ವಾರಪತ್ರಿಕೆ ನಡೆಸಿದಳು. ಅದನ್ನೆಲ್ಲ ಒಪ್ಪುತ್ತೇನೆ. ಆದರೆ ಇವನಿಗಾಗಿ ಜೈಲಿನಲ್ಲಿ ಹೆತ್ತವಳನ್ನು ಬಿಟ್ಟದ್ದು ನನಗೆ ಗಂಟಲಲ್ಲಿ ಇಳಿಯೋದಿಲ್ಲ. ದೊಡ್ಡ ಸುಧಾರಕ ಅಂತ ಇದನ್ನು ಮುಚ್ಚಿ ಹೇಳುವುದೂ ನನ್ನಿಂದಾಗದು. 1826ರಲ್ಲಿ ಇವನೇ ಗರ್ಭ ತಡೆಯುವ ಉಪಾಯಗಳ ಬಗ್ಗೆ ಹೆಂಗಸರಿಗಾಗಿ ಪುಸ್ತಕ ತಂದಿದ್ದ, ಬೈಸಿಕೊಂಡಿದ್ದ. ಹೆಂಗಸರ ಪರವಾಗಿ ಬರೆದವನೂ ಹೌದು, ಹೆಂಡತಿಯನ್ನು ಬಿಟ್ಟವನೂ ಹೌದು.

ಪ್ರಶ್ನೆ: ಪೇಟೆಯ ಅಕ್ಷರಸ್ಥರ ಜಗಳ ಇದು. ಹೊಲದಲ್ಲಿ ದುಡಿಯುವವರಿಗೆ ಇವನಿಂದ ಏನು ಬಂತು? (ರೈತ, ಸೊರಬ)

ಉತ್ತರ: ಮುಂದೆ ಇನ್ನೊಂದು ಸಲ ಜೈಲಿಗೆ ಹೋದದ್ದು ಹೊಲದವರ ವಿಷಯಕ್ಕೇ. 1830ರಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಕೂಲಿ ಸಾಲದೆ ಹೊಟ್ಟೆ ಸುಟ್ಟ ಆಳುಗಳು ತಿರುಗಿಬಿದ್ದರು. ಚಳಿಗಾಲದಲ್ಲಿ ಅವರಿಗಿದ್ದ ದೊಡ್ಡ ಕೆಲಸ ಒಕ್ಕಲು. ಅದನ್ನೂ ಮೆಷಿನ್ ಕಿತ್ತುಕೊಂಡಿತ್ತು. ಒಕ್ಕಲು ಮೆಷಿನ್ ಒಡೆದರು, ಬಣವೆಗೆ ಬೆಂಕಿ ಇಟ್ಟರು. 'ಕ್ಯಾಪ್ಟನ್ ಸ್ವಿಂಗ್' ಅನ್ನುವ ಇಲ್ಲದ ಮನುಷ್ಯನ ಹೆಸರಿನಲ್ಲಿ ಜಮೀನುದಾರರಿಗೆ ಬೆದರಿಕೆ ಕಾಗದ ಹೋಗುತ್ತಿತ್ತು. ಕಾರ್ಲೈಲ್ ತನ್ನ ಪತ್ರಿಕೆಯಲ್ಲಿ ಆ ಆಳುಗಳ ಪರ ಬರೆದ. 1831ರ ಜನವರಿಯಲ್ಲಿ ಶಿಕ್ಷೆ ಆಯಿತು, ಹೊರಗೆ ಬಂದದ್ದು 1833ರಲ್ಲಿ. ಜೀವನದಲ್ಲಿ ಒಟ್ಟು ಒಂಬತ್ತು ವರ್ಷಕ್ಕೂ ಮೇಲೆ ಜೈಲು.

ಕಾಗೋಡಿನ ಪಕ್ಕದ ತಾಲೂಕಿನವರು ನೀವು. ಗೇಣಿ ಅಳೆಯುವ ಕೊಳಗ ಎಷ್ಟು ಸೇರಿನದು ಎಂಬ ಜಗಳದಿಂದ 1951ರ ಸತ್ಯಾಗ್ರಹ ಹೇಗೆ ಎದ್ದಿತು ಅಂತ ನಾನು ನಿಮಗೆ ಹೇಳಬೇಕಾ? ಅಲ್ಲಿ ಮೆಷಿನ್, ಇಲ್ಲಿ ಕೊಳಗ. ಒಂದು ವ್ಯತ್ಯಾಸ ಇದೆ. ಕಾಗೋಡಿನವರು ಬೆಂಕಿ ಇಡಲಿಲ್ಲ, ಗದ್ದೆಗಿಳಿದು ಜೈಲು ತುಂಬಿದರು.

ಪ್ರಶ್ನೆ: ಅವನ ಜೈಲಿನಿಂದ ಕಾನೂನು ಬದಲಾಯಿತಾ? ಪತ್ರಿಕೆಗೆ ಸ್ಟಾಂಪು ತೆರಿಗೆ ಅಂತ ಇತ್ತಂತೆ, ಅದು ಏನು? (ಶಿಕ್ಷಕ, ಶಿಕಾರಿಪುರ)

ಉತ್ತರ: ಸ್ಟಾಂಪಿನ ಜಗಳದಲ್ಲಿ ಮುಂದೆ ನಿಂತವನು ಇವನಲ್ಲ, ಇವನ ಅಂಗಡಿಯಲ್ಲಿ ಪಳಗಿದವರು ಮತ್ತು ಅವರ ಗೆಳೆಯರು. 1815ರಿಂದ ಪತ್ರಿಕೆಯ ಪ್ರತಿ ಒಂದಕ್ಕೆ ನಾಲ್ಕು ಪೆನ್ನಿ ತೆರಿಗೆ, ಕಟ್ಟಿದ್ದಕ್ಕೆ ಗುರುತಾಗಿ ಪ್ರತಿಯ ಮೇಲೆ ಸ್ಟಾಂಪು. ಹಾಗಾಗಿ ಪತ್ರಿಕೆಯ ಬೆಲೆ ಏಳು ಪೆನ್ನಿ ಆಗುತ್ತಿತ್ತು. ಕೂಲಿಯವನು ಕೊಳ್ಳಬಾರದು, ಅಷ್ಟೇ ಉದ್ದೇಶ. 1819ರ ಕೊನೆಗೆ ಬಂದ ಕಾನೂನುಗಳು ಅಗ್ಗದ ವಾರಪತ್ರಿಕೆಗಳನ್ನೂ ಈ ಬಲೆಗೆ ಎಳೆದವು.

1831ರಲ್ಲಿ ಹೆನ್ರಿ ಹೆದರಿಂಗ್ಟನ್ ಎಂಬ ಮುದ್ರಕ ತೆರಿಗೆ ಕಟ್ಟದೆ 'ಪೂರ್ ಮ್ಯಾನ್ಸ್ ಗಾರ್ಡಿಯನ್' ಶುರು ಮಾಡಿದ. ಬೆಲೆ ಒಂದೇ ಪೆನ್ನಿ. ಸ್ಟಾಂಪು ಇರಬೇಕಾದ ಜಾಗದಲ್ಲಿ ಒಂದು ಅಚ್ಚುಯಂತ್ರದ ಚಿತ್ರ, ಜೊತೆಗೆ 'ಜ್ಞಾನವೇ ಶಕ್ತಿ' ಎಂಬ ಮಾತು. ಪೊಲೀಸರ ಕಣ್ಣು ತಪ್ಪಿಸಲು ಕ್ವೇಕರ್ ಪಂಥದವರ ಬಟ್ಟೆ ತೊಟ್ಟು ಓಡಾಡಿದ. ಮಾರಿದವರು ನೂರಾರು ಜನ ಜೈಲು ಕಂಡರು, ನಮ್ಮ ವಾಟ್ಸನ್ ಮತ್ತೆ ಹೋದ. 1836ರಲ್ಲಿ ತೆರಿಗೆ ಒಂದು ಪೆನ್ನಿಗೆ ಇಳಿಯಿತು. 1855ರಲ್ಲಿ ಪೂರ್ತಿ ಹೋಯಿತು.

ಕಾರ್ಲೈಲ್ ಅದನ್ನು ನೋಡಲಿಲ್ಲ. ಕೊನೆಗಾಲದಲ್ಲಿ ಬಡತನ. ಹಳೇ ಗೆಳೆಯರ ಜೊತೆ ಹೊಂದಿಕೆಯೂ ಇರಲಿಲ್ಲ. 1843ರ ಫೆಬ್ರವರಿ 10ರಂದು ತೀರಿಕೊಂಡ. ದೇಹವನ್ನು ವೈದ್ಯರ ಅಭ್ಯಾಸಕ್ಕೆ ಕೊಡಬೇಕು ಅಂತ ಹೇಳಿದ್ದ, ಸೇಂಟ್ ಥಾಮಸ್ ಆಸ್ಪತ್ರೆಗೆ ಕೊಟ್ಟರು. ಆಮೇಲೆ ಮಣ್ಣು ಮಾಡುವಾಗ ಪಾದ್ರಿ ಪ್ರಾರ್ಥನೆ ಮಾಡಿಯೇ ತೀರುತ್ತೇನೆ ಅಂದ. ಮಕ್ಕಳು ಒಪ್ಪದೆ ಅಲ್ಲಿಂದ ಎದ್ದು ನಡೆದರು.

ಪ್ರಶ್ನೆ: ಆಗ ನಮ್ಮಲ್ಲಿ ಪತ್ರಿಕೆ ಇತ್ತಾ? (ಓದುಗ, ಕೊಪ್ಪ)

ಉತ್ತರ: ಅವನು ಸತ್ತ ವರ್ಷವೇ ಕನ್ನಡದ ಮೊದಲ ಪತ್ರಿಕೆ ಹುಟ್ಟಿತು. 1843ರ ಜುಲೈ 1, 'ಮಂಗಳೂರ ಸಮಾಚಾರ'. ನಿಮ್ಮ ಘಟ್ಟ ಇಳಿದರೆ ಸಿಗುವ ಊರು. ತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಮೊಳೆಯಲ್ಲ, ಕಲ್ಲಚ್ಚು. ಪತ್ರಿಕೆಯ ಕೈ ಕಟ್ಟುವ ಕಾನೂನು ನಮ್ಮ ಮೈಸೂರು ಸಂಸ್ಥಾನಕ್ಕೂ 1908ರಲ್ಲಿ ಬಂತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಪ್ರಶ್ನೆ: ದೂರದ ಇಂಗ್ಲೆಂಡಿನವನ ಮೇಲೆ ನಿಮಗೆ ಯಾಕೆ ಇಷ್ಟು ಮೋಹ? ನೀವೂ ಪತ್ರಿಕೆ ಮಾರಿ ಜೈಲಿಗೆ ಹೋಗಿದ್ದಿರಾ? (ಹಳೇ ಓದುಗ, ಶಿವಮೊಗ್ಗ)

ಉತ್ತರ: ಇಲ್ಲ ಮಾರಾಯ್ರೇ. ನಾನು ನೆರಳಿನಲ್ಲಿ ಸ್ಟೂಲಿನ ಮೇಲೆ ಕೂತು ಮೊಳೆ ಜೋಡಿಸಿದವನು. ಆದರೆ ಒಂದು ಸಂಗತಿ ಇದೆ.

ಎಪ್ಪತ್ತರ ದಶಕದಲ್ಲಿ ನಮ್ಮ ಪ್ರೆಸ್ಸಿನಲ್ಲಿ ಒಂದು ಸಣ್ಣ ವಾರಪತ್ರಿಕೆ ಅಚ್ಚಾಗುತ್ತಿತ್ತು. ನಾಲ್ಕು ಪುಟ. ಟ್ರೆಡಲ್ ಮೆಷಿನ್, ಕಾಲಲ್ಲಿ ತುಳಿಯುವುದು. ಮಳೆಗಾಲದಲ್ಲಿ ಕಾಗದ ತೇವ ಕುಡಿದು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು. ಬೆಳಗಿನ ಮೊದಲ ಬಸ್ಸಿನ ಟಾಪಿಗೆ ಬಂಡಲ್ ಹಾಕಿ, ಕಂಡಕ್ಟರಿಗೆ ಹೇಳಿದರೆ, ಸಾಗರ ರಸ್ತೆಯ ಒಂದೊಂದು ಸ್ಟಾಪಿನಲ್ಲಿ ಒಬ್ಬೊಬ್ಬ ಹುಡುಗ ಇಳಿಸಿಕೊಳ್ಳುತ್ತಿದ್ದ. ಒಂದು ವಾರ ಮರ ಸಾಗಿಸುವ ದೊಡ್ಡವರೊಬ್ಬರ ಮೇಲೆ ಬರೆದರು. ಬರೆದವರಿಗೆ ಏನೂ ಆಗಲಿಲ್ಲ. ಪ್ರೆಸ್ಸಿಗೂ ಯಾರೂ ಬರಲಿಲ್ಲ. ಒಂದು ಸ್ಟಾಪಿನಲ್ಲಿ ಬಂಡಲ್ ಇಳಿಸಿಕೊಳ್ಳುತ್ತಿದ್ದ ಹದಿನಾಲ್ಕು ವರ್ಷದ ಹುಡುಗನ ಕೆನ್ನೆಗೆ ಯಾರೋ ಬಾರಿಸಿದರು. ಬಂಡಲನ್ನು ಕೆಸರಿಗೆ ಹಾಕಿ ತುಳಿದರು.

ಮುಂದಿನ ವಾರ ಸಂಪಾದಕರು ಜೋರಾಗಿ ಬರೆದರು. ಪತ್ರಿಕಾ ಸ್ವಾತಂತ್ರ್ಯದ ಮೇಲೆ ದಾಳಿ ಅಂತ. ಜೋಡಿಸಿದ್ದು ನಾನೇ. ಎರಡು ಕಾಲಂ. ಹುಡುಗನ ಹೆಸರು ಒಂದು ಕಡೆಯೂ ಇರಲಿಲ್ಲ. ಎರಡನೇ ಕಾಲಂ ಕೆಳಗೆ ನಾಲ್ಕು ಸಾಲಿನಷ್ಟು ಜಾಗ ಉಳಿಯಿತು. ಸಂಪಾದಕರನ್ನು ಕೇಳಬಹುದಿತ್ತು. ಕೇಳಲಿಲ್ಲ. ಖಾಲಿ ಬಿಟ್ಟರೆ ಚೆಂದ ಕಾಣಲ್ಲ ಅಂತ ಒಂದು ಹೂವಿನ ಬ್ಲಾಕು ಹಾಕಿ ಫಾರಂ ಬಿಗಿ ಮಾಡಿದೆ.

ಕಾರ್ಲೈಲನ 'ರಿಪಬ್ಲಿಕನ್' ಬಗ್ಗೆ ಓದಿದ್ದು ಎಷ್ಟೋ ವರ್ಷ ಆದ ಮೇಲೆ. ಅದರಲ್ಲಿ ಜೈಲಿಗೆ ಹೋದ ಅಂಗಡಿ ಹುಡುಗರ ಕಾಗದಗಳು ಅಚ್ಚಾಗುತ್ತಿದ್ದವು. ಅವರಿಗೆಂದು ಪೆನ್ನಿ ಪೆನ್ನಿ ಕೂಡಿಸಿ ಕಳಿಸಿದವರ ಪಟ್ಟಿಗಳು ವಾರವಾರ ಬರುತ್ತಿದ್ದವು. ಅಷ್ಟು ಉದ್ದದ ಪಟ್ಟಿ ಜೋಡಿಸುವುದು ಎಂಥ ಬೇಜಾರಿನ ಕೆಲಸ ಅಂತ ನನಗೆ ಗೊತ್ತು. ಆ ಕಂಪೋಸಿಟರ್ ಒಂದು ಹೆಸರನ್ನೂ ಬಿಡದೆ ಜೋಡಿಸಿರಬೇಕು.

ಪ್ರಶ್ನೆ: ಮದುವೆ ಕಾಗದದ ಕೆಳಗೆ ಪ್ರೆಸ್ಸಿನ ಹೆಸರು ಯಾಕೆ ಹಾಕುತ್ತಾರೆ? ತೆಗೆಯಿರಿ ಅಂದರೆ ನಮ್ಮೂರ ಪ್ರೆಸ್ಸಿನವರು ಕೇಳಲಿಲ್ಲ. (ಮದುಮಗಳ ಅಪ್ಪ, ತೀರ್ಥಹಳ್ಳಿ)

ಉತ್ತರ: ಇದು ಕಾರ್ಲೈಲನ ಕಾಲದಿಂದಲೇ ಬಂದ ಚಾಳಿ ಸ್ವಾಮಿ. ಇಂಗ್ಲೆಂಡಿನಲ್ಲಿ 1799ರಲ್ಲಿ, ಅಚ್ಚಾದ ಕಾಗದದ ಮೇಲೆ ಮುದ್ರಕನ ಹೆಸರು, ವಿಳಾಸ ಇರಲೇಬೇಕು ಅಂತ ಕಾನೂನು ಮಾಡಿದರು. ಯಾರನ್ನು ಹಿಡಿಯಬೇಕು ಅಂತ ಗೊತ್ತಾಗಲಿ ಅಂತ. ನಮ್ಮಲ್ಲಿ ಬ್ರಿಟಿಷರು ಅದೇ ಥರದ್ದನ್ನು 1867ರಲ್ಲಿ ತಂದರು. ನಮ್ಮ ಕೈಗೆ ಅದು ಅಭ್ಯಾಸವಾಗಿಹೋಯಿತು. ಈಗ ಅದೇ ಜಾಹೀರಾತು ಕೂಡ. ಮದುವೆ ಕಾಗದಕ್ಕೆ ಯಾರೂ ಪೊಲೀಸರನ್ನು ಕಳಿಸುವುದಿಲ್ಲ. ಹೆಸರು ಇರಲಿ ಬಿಡಿ. ಅಕ್ಷರ ಸ್ವಲ್ಪ ಸಣ್ಣದು ಮಾಡಿ ಅಂತ ಕೇಳಿ, ಮಾಡಿಕೊಡುತ್ತಾರೆ. ಪ್ರೂಫ್ ಬಂದಾಗ ಮೊದಲು ಮುಹೂರ್ತದ ತಾರೀಖು, ವಾರ ಎರಡೂ ಕ್ಯಾಲೆಂಡರಿಗೆ ಹೊಂದುತ್ತವಾ ನೋಡಿ. ಅದು ತಪ್ಪಿದ್ದನ್ನು ನಾನು ಮೂರು ಸಲ ಕಂಡಿದ್ದೇನೆ, ಒಂದು ಸಲ ತಪ್ಪು ಮಾಡಿದವನು ನಾನೇ.